ಅಟ್ರೋಪಿನ್ ಕೊಟ್ಟ ರಾತ್ರಿ

ರಾಮದುರ್ಗ

ಚಿ. ತಂಗೆವ್ವ,

ಹತ್ತಿಗೆ ಕೀಟನಾಶಕದ ಎಣ್ಣೆ ಹೊಡೆಯುತ್ತ ಹೊಲದಲ್ಲೇ ಬಿದ್ದ ರೈತನನ್ನು ನಿಮ್ಮ ವಾರ್ಡಿಗೆ ತಂದಿದ್ದರಂತೆ. ಅಟ್ರೋಪಿನ್ ಏರಿಸಿದ ಮೇಲೆ ಅವನು ಹಾಸಿಗೆ ಕಿತ್ತುಹಾಕುತ್ತ ಕೂಗಾಡಿದ, ಮನೆಯವರು ‘ಸಿಸ್ಟರ್ ಏನೋ ತಪ್ಪು ಇಂಜೆಕ್ಷನ್ ಮಾಡ್ಯಾಳ’ ಎಂದು ಜಗಳಕ್ಕೆ ಬಂದರು ಅಂತ ಫೋನಿನಲ್ಲಿ ಅತ್ತೆಯಂತೆ, ನಿಮ್ಮವ್ವ ಹೇಳಿದಳು. ದವಾಖಾನೆಯ ಔಷಧ ಕೋಣೆಯಲ್ಲಿ ಕಂಪೌಂಡರ್ ಆಗಿ ತಲೆ ಬೆಳ್ಳಗಾದವನು ನಾನು. ಅಟ್ರೋಪಿನ್ ಬಗ್ಗೆಯಾದರೂ ನಿನಗೆ ಬರೆಯಬೇಕೆನಿಸಿತು.

ಶಿವರಾತ್ರಿಗೆ ಬೇಲಿಯಿಂದ ನೀನೇ ಕಿತ್ತು ತರುತ್ತಿದ್ದ ದತ್ತೂರಿ ಹೂವಿನ ಬಳಗದ ಔಷಧ ಇದು. ಬದನೆ, ಟೊಮೆಟೊ, ಆಲೂಗಡ್ಡೆಯೂ ಅದೇ ಬಳಗ, ನೋಡು. 1831ರಲ್ಲಿ ಮೈನ್ ಎಂಬ ಜರ್ಮನ್ ಔಷಧಕಾರ ಬೆಲ್ಲಡೋನ ಗಿಡದಿಂದ ಇದನ್ನು ಶುದ್ಧವಾಗಿ ತೆಗೆದ. ಕಣ್ಣಪಾಪೆ ಅಗಲಿಸುವ ಹನಿಯಾಗಿ, ತೀರಾ ನಿಧಾನವಾದ ಎದೆಬಡಿತವನ್ನು ಎತ್ತುವ ಇಂಜೆಕ್ಷನ್ನಾಗಿ ಎಲ್ಲ ಕಡೆಗೂ ಬೇಕಾದದ್ದು. ಆದರೆ ಮಲಪ್ರಭೆಯ ಈ ಎರೆಹೊಲಗಳ ಸೀಮೆಯಲ್ಲಿ ಅದಕ್ಕೆ ಬೆಲೆ ಬಂದದ್ದು ಎಣ್ಣೆಯ ವಿಷದಿಂದ.

ಕ್ಲೋರ್‌ಪೈರಿಫಾಸ್, ಮೊನೊಕ್ರೊಟೊಫಾಸ್‌ನಂಥ ಎಣ್ಣೆಗಳು ಅಸಿಟೈಲ್‌ಕೋಲಿನ್ ಎಂಬ ರಸವನ್ನು ಕರಗಿಸುವ ಕಿಣ್ವವನ್ನೇ ಹಿಡಿದುಹಾಕುತ್ತವೆ. ರಸ ಮೈಯಲ್ಲಿ ಮಡುಗಟ್ಟುತ್ತದೆ. ಜೊಲ್ಲು, ಬೆವರು, ವಾಂತಿ, ಕಣ್ಣಪಾಪೆ ಸೂಜಿಮೊನೆಯಷ್ಟು, ಕೊನೆಗೆ ಎದೆಯಲ್ಲೇ ನೀರು ತುಂಬಿ ಮನುಷ್ಯ ಒಣನೆಲದ ಮೇಲೆ ಮುಳುಗುತ್ತಾನೆ. ಆ ರಸ ಹೋಗಿ ಕೂರುವ ಜಾಗವನ್ನು ಅಟ್ರೋಪಿನ್ ಮೊದಲೇ ಹಿಡಿಯುತ್ತದೆ, ಅಷ್ಟೇ. ವಿಷವನ್ನು ಅದು ಕೊಲ್ಲುವುದಿಲ್ಲ. ಬೇರೆ ಕಡೆ ಒಂದು ಆಂಪ್ಯೂಲ್, 0.6 ಮಿಲಿಗ್ರಾಂ, ಸಾಕಾಗುವ ಈ ಔಷಧ ಎಣ್ಣೆಯ ರೋಗಿಗೆ ಹತ್ತಾರು, ಕೆಲವೊಮ್ಮೆ ನೂರಾರು ಬೇಕಾಗುವುದು ಇದಕ್ಕೇ. ಎಷ್ಟು ಸಾಕು ಎಂಬುದನ್ನು ರೋಗಿಯ ಎದೆಯೇ ಹೇಳಬೇಕು: ಗೊರಗೊರ ನಿಂತಿತೇ, ಕಂಕುಳು ಒಣಗಿತೇ, ನಾಡಿ ಎಂಬತ್ತು ದಾಟಿತೇ. ಡಾಕ್ಟರರು ಬರೆದು ಹೋಗುತ್ತಾರೆ. ಐದೈದು ನಿಮಿಷಕ್ಕೆ ನೋಡುವವಳು ನೀನು.

ಹೆಚ್ಚಾದರೆ? ನೀನು ಕಂಡದ್ದೇ ಅದು. ಬಾಯಿ ಒಣಗಿ, ಮುಖ ಕೆಂಪೇರಿ, ಉಚ್ಚೆ ಕಟ್ಟಿ, ಇಲ್ಲದ ಎಳೆ ಹಿಡಿದವರಂತೆ ಗಾಳಿಯಲ್ಲಿ ಕೈಯಾಡಿಸುತ್ತಾರೆ. ಬೆವರು ಬರದ ಕಾರಣ ಜ್ವರ ಏರುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಫ್ಯಾನಿಲ್ಲದ ವಾರ್ಡಾದರೆ ದೇವರೇ ಗತಿ. ಮೈ ಸುಡುತ್ತಿದ್ದರೆ ಒದ್ದೆ ಬಟ್ಟೆ ಹಾಕಿ, ಡಾಕ್ಟರರನ್ನು ಎಬ್ಬಿಸು. ಬೈದರೆ ಬೈಯಲಿ. ಮನೆಯವರು ‘ದೆವ್ವ ಬಡದೈತಿ’ ಅಂದರೂ ಸಿಟ್ಟಾಗಬೇಡ. ಇಂಜೆಕ್ಷನ್ ಕೊಡುವ ಮೊದಲೇ ‘ಬಡಬಡಿಸಬಹುದು, ಅಂಜಬ್ಯಾಡ್ರಿ’ ಎಂದು ಅವರ ಭಾಷೆಯಲ್ಲೇ ಹೇಳಿಬಿಡು. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಇನ್ನೊಂದು. ಸ್ನಾಯುಗಳ ಸೋಲಿಗೆ ಅಟ್ರೋಪಿನ್ ಮದ್ದಲ್ಲ. ಎರಡನೆಯ, ಮೂರನೆಯ ದಿನ ರೋಗಿ ಎದ್ದು ಚಹಾ ಕೇಳುತ್ತಾನೆ, ಎಲ್ಲರೂ ನಿರಾಳ. ಆಗಲೇ ದಿಂಬಿನಿಂದ ತಲೆ ಎತ್ತಿಸಿ ನೋಡು. ಎತ್ತಲಾಗದಿದ್ದರೆ ಉಸಿರಿನ ಸ್ನಾಯುಗಳೂ ಸೋಲಬಹುದು; ತಡಮಾಡದೆ ಹೇಳಿ ಕಳಿಸು.

ಯಾರೋ ದತ್ತೂರಿ ಬೀಜ ಅರೆದು ಕುಡಿಸಿದರೆ ಸಾಕಲ್ಲವೇ ಎಂದು ಕೇಳಿದರಂತೆ. ಬೇಡ ಅನ್ನು, ಗದರಿಸಿಯೇ ಅನ್ನು. ಒಂದು ಗಿಡದ ಬೀಜದಲ್ಲಿರುವಷ್ಟು ಇನ್ನೊಂದರಲ್ಲಿರುವುದಿಲ್ಲ, ಅಳತೆ ಇಲ್ಲದ್ದು ವಿಷವೇ.

ನಿನ್ನ ತಮ್ಮ ಪಂಪು ಸೋರಿ ಬೆನ್ನೆಲ್ಲ ತೊಯ್ದರೂ ಅದೇ ಅಂಗಿಯಲ್ಲಿ, ಗುಟಖಾ ಜಗಿಯುತ್ತ, ಗಾಳಿಗೆ ಎದುರಾಗಿ ಎಣ್ಣೆ ಹೊಡೆಯುತ್ತಾನೆ. ಚರ್ಮದಿಂದಲೂ ವಿಷ ಇಳಿಯುತ್ತದೆಂದರೆ ನಗುತ್ತಾನೆ. ನನ್ನ ಮಾತು ಕೇಳುವುದಿಲ್ಲ. ನೀನು ವಾರ್ಡಿನಲ್ಲಿ ಕಂಡದ್ದನ್ನು ಇವತ್ತೇ ಅವನಿಗೆ ಫೋನ್ ಮಾಡಿ ಹೇಳು.

ನಿನ್ನ ಅಜ್ಜ