ಶಮ್ಸುಲ್ ಉಮರಾ: ಒಂದು ಬಿರುದಿನ ವಂಶಾವಳಿ ಮತ್ತು ನಮ್ಮ ಗಡಿಯ ಹಳ್ಳಿಗಳು

ಇತಿಹಾಸದ ಪಾಠ ಹೇಳುವಾಗ ವಿದ್ಯಾರ್ಥಿಗಳು ನನ್ನನ್ನು ಪದೇ ಪದೇ ಕೇಳಿದ ಪ್ರಶ್ನೆಯೊಂದಿದೆ: "ಸರ್, ಡ್ಯೂಕ್ ಎನ್ನುವುದು ಹೆಸರೋ, ಕೆಲಸವೋ?" ಅಸ್ಸಾಯೆಯ ಕದನದಲ್ಲಿ ಗೆದ್ದವನು ಆರ್ಥರ್ ವೆಲ್ಲೆಸ್ಲಿ ಎಂದು ಒಂದು ಪುಟದಲ್ಲಿ, ವಾಟರ್‌ಲೂದಲ್ಲಿ ಗೆದ್ದವನು ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಇನ್ನೊಂದು ಪುಟದಲ್ಲಿ ಓದಿ, ಇಬ್ಬರೂ ಒಬ್ಬನೇ ಎಂದು ತಿಳಿದಾಗ ಮಕ್ಕಳಿಗೆ ಗೊಂದಲವಾಗುವುದು ಸಹಜ. ಆದರೆ ಈ ಪ್ರಶ್ನೆಗೆ ಉತ್ತರ ಹುಡುಕಲು ಇಂಗ್ಲೆಂಡಿನವರೆಗೆ ಹೋಗಬೇಕಾಗಿಲ್ಲ. ಉಮರ್ಗಾ ತಾಲ್ಲೂಕಿನ ಗುಂಜೋಟಿ, ಇಂದು ಸ್ವತಂತ್ರ ತಾಲ್ಲೂಕಾಗಿರುವ ಲೋಹಾರಾ, ಗಡಿಯಾಚೆಯ ಆಳಂದ, ಚಿಟಗುಪ್ಪ ಮೊದಲಾದ ಊರುಗಳು ಒಂದಾನೊಂದು ಕಾಲಕ್ಕೆ ಇಂಥದೇ ಒಂದು ಬಿರುದಾಂಕಿತ ಮನೆತನದ ವಶದಲ್ಲಿದ್ದವು. ಆ ಮನೆತನಕ್ಕೆ ಪಾಯಗಾ ಎಂದು ಹೆಸರು. ಅದರ ಹಿರಿಯನ ಬಿರುದು ಶಮ್ಸುಲ್ ಉಮರಾ. ನಮ್ಮ ಅಜ್ಜಂದಿರು "ನಮ್ಮೂರು ಪಾಯಗಾ ಊರು, ಅದು ದಿವಾನಿ ಊರು" ಎಂದು ಮಾತನಾಡುತ್ತಿದ್ದುದನ್ನು ಕೇಳಿದ ಹಿರಿಯರು ಈಗ ವಿರಳರಾಗುತ್ತಿದ್ದಾರೆ. ಆದ್ದರಿಂದ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಆ ಬಿರುದಿನ ಕಥೆಯನ್ನು ಬರೆದಿಡುವುದು ಉಚಿತವೆಂದು ಭಾವಿಸಿದ್ದೇನೆ.

ಮೊದಲು ಇಂಗ್ಲಿಷ್ ಪದ್ಧತಿಯನ್ನು ಸಂಕ್ಷೇಪವಾಗಿ ನೋಡೋಣ. ಅಲ್ಲಿ ಡ್ಯೂಕ್, ಮಾರ್ಕ್ವಿಸ್, ಅರ್ಲ್, ವೈಕೌಂಟ್, ಬ್ಯಾರನ್ ಎಂದು ಮೇಲಿನಿಂದ ಕೆಳಕ್ಕೆ ಐದು ಮೆಟ್ಟಿಲು. ದೊರೆಯ ಸನದಿನಿಂದ ಒಮ್ಮೆ ಬಂದ ಪದವಿಯು ಸಾಮಾನ್ಯವಾಗಿ ತಂದೆಯಿಂದ ಹಿರಿಯ ಮಗನಿಗೆ ತಾನಾಗಿಯೇ ಇಳಿಯುತ್ತದೆ. ಕಿರಿಯ ಮಕ್ಕಳಿಗೆ ಪದವಿಯೂ ಇಲ್ಲ, ಮುಖ್ಯ ಆಸ್ತಿಯೂ ಬಹುಪಾಲು ಇಲ್ಲ. ಅವರು ಸೈನ್ಯಕ್ಕೋ ಚರ್ಚಿಗೋ ಸೇರಿ ಬದುಕು ಕಟ್ಟಿಕೊಳ್ಳಬೇಕು. ಇದು ನಿಷ್ಕರುಣೆಯ ನಿಯಮವಾದರೂ ಮನೆತನ ಒಡೆಯದಂತೆ ಕಾಪಾಡಿತು. ವೆಲ್ಲೆಸ್ಲಿಯೂ ಅರ್ಲ್ ಒಬ್ಬನ ಕಿರಿಯ ಮಗನೇ. 1803ರಲ್ಲಿ ನಮ್ಮ ಮರಾಠವಾಡದ ಅಸ್ಸಾಯೆಯಲ್ಲಿ ಹೆಸರು ಗಳಿಸಿ, ಮುಂದೆ ಒಂದೊಂದೇ ಮೆಟ್ಟಿಲೇರಿ 1814ರಲ್ಲಿ ಡ್ಯೂಕ್ ಆದನು. ಆ ಪದವಿ ಇಂದಿಗೂ ಅವನ ವಂಶದಲ್ಲಿದೆ. ಭಾರತೀಯರಲ್ಲಿ ಇಂಥ ವಂಶಪಾರಂಪರ್ಯದ ಲಾರ್ಡ್ ಪದವಿ ದೊರೆತದ್ದು ಒಬ್ಬರಿಗೇ: ಬಂಗಾಳದ ಸತ್ಯೇಂದ್ರ ಪ್ರಸನ್ನ ಸಿನ್ಹಾ ಅವರಿಗೆ, 1919ರಲ್ಲಿ.

ಹೈದರಾಬಾದಿನ ಪದ್ಧತಿ ಮೊಗಲರಿಂದ ಬಂದದ್ದು. ಅಲ್ಲಿಯೂ ಮೆಟ್ಟಿಲುಗಳಿದ್ದವು. ಜಂಗ್, ಅದರ ಮೇಲೆ ದೌಲಾ, ಅದರ ಮೇಲೆ ಮುಲ್ಕ್, ಅದರ ಮೇಲೆ ಉಮರಾ, ಎಲ್ಲಕ್ಕೂ ಮೇಲೆ ಜಾಹ್. ಪ್ರಸಿದ್ಧ ದಿವಾನರಾದ ಸಾಲಾರ್ ಜಂಗರನ್ನೇ ನೋಡಿ. ಅವರ ಹುಟ್ಟು ಹೆಸರು ಮೀರ್ ತುರಾಬ್ ಅಲಿ ಖಾನ್. ಸಾಲಾರ್ ಜಂಗ್, ಶುಜಾ ಉದ್ದೌಲಾ, ಮುಖ್ತಾರುಲ್ ಮುಲ್ಕ್ ಎಂಬುವು ಒಂದರ ಮೇಲೊಂದು ಬಂದ ಬಿರುದುಗಳು. ಜನರ ಬಾಯಲ್ಲಿ ಮೊದಲನೆಯದೇ ನಿಂತಿತು. ಆದರೆ ಇಂಗ್ಲೆಂಡಿಗೂ ಹೈದರಾಬಾದಿಗೂ ಒಂದು ಮೂಲಭೂತ ವ್ಯತ್ಯಾಸವಿದೆ, ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಇಲ್ಲಿ ಬಿರುದಾಗಲಿ ಜಾಗೀರಾಗಲಿ ತಾನಾಗಿಯೇ ಮಗನಿಗೆ ಇಳಿಯುತ್ತಿರಲಿಲ್ಲ. ಅಮೀರನೊಬ್ಬ ತೀರಿಕೊಂಡರೆ ವಾರಸುದಾರಿಕೆಯ ವಿಚಾರಣೆ ನಡೆದು, ನಜರಾಣೆ ಸಲ್ಲಿಕೆಯಾಗಿ, ನಿಜಾಮನ ಮಂಜೂರಾತಿ ಬರಬೇಕು. ವ್ಯವಹಾರದಲ್ಲಿ ಅದು ಮನೆತನದಲ್ಲಿಯೇ ಉಳಿಯುತ್ತಿತ್ತು, ನಿಜ. ಆದರೆ ಪ್ರತಿ ತಲೆಮಾರೂ ದರ್ಬಾರಿನ ಬಾಗಿಲಲ್ಲಿ ನಿಂತು ಅದನ್ನು ಮರಳಿ ಪಡೆಯಬೇಕಿತ್ತು. ಅಮೀರರು ತಮ್ಮ ಹಳ್ಳಿಗಳಲ್ಲಿ ವಾಸಿಸದೆ ಹೈದರಾಬಾದಿನ ದೇವಡಿಗಳಲ್ಲಿಯೇ ಬಾಳಿದ್ದಕ್ಕೆ ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ.

ಪಾಯಗಾ ಎಂಬುದು ಫಾರಸಿ ಶಬ್ದ. ಮರಾಠಿಯ 'ಪಾಗಾ', ಅಂದರೆ ಕುದುರೆಲಾಯ ಅಥವಾ ಕುದುರೆಪಡೆ, ಎಂಬ ಮಾತು ಬಲ್ಲವರಿಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನಿಜಾಮನ ಸ್ವಂತ ಪಡೆಯನ್ನು ಸಾಕಲು ಬಿಟ್ಟುಕೊಟ್ಟ ಜಾಗೀರೇ ಪಾಯಗಾ. ಇದರ ಹಿನ್ನೆಲೆಯಲ್ಲಿ ನಮ್ಮ ಉದಗೀರವೂ ಇದೆ. 1760ರಲ್ಲಿ ಉದಗೀರದ ಬಳಿ ಸದಾಶಿವರಾವ್ ಭಾವುವಿನ ಮರಾಠಾ ಸೈನ್ಯ ನಿಜಾಮನ ಸೈನ್ಯವನ್ನು ಸೋಲಿಸಿತು; ವಿಶಾಲವಾದ ಪ್ರದೇಶವನ್ನು ನಿಜಾಮ ಬಿಟ್ಟುಕೊಡಬೇಕಾಯಿತು. ಮರುವರ್ಷ ಅದೇ ಭಾವು ಪಾಣಿಪತ್ತಿನಲ್ಲಿ ಮಡಿದನು. 1762ರಲ್ಲಿ ಪಟ್ಟಕ್ಕೆ ಬಂದ ನಿಜಾಮ ಅಲಿ ಖಾನನಿಗೆ, ಒಂದು ಕಡೆ ಮರಾಠರು, ಇನ್ನೊಂದು ಕಡೆ ಮೈಸೂರಿನ ಹೈದರ್ ಅಲಿ ಇರುವಾಗ, ತನಗೇ ನಿಷ್ಠವಾದ ಪಡೆ ಅತ್ಯಗತ್ಯವಾಗಿತ್ತು. ಆ ಪಡೆಯ ಹೊಣೆ ಹೊತ್ತವನು ಅಬುಲ್ ಫತೇಹ್ ಖಾನ್ ತೇಗ್ ಜಂಗ್. ಅವನಿಗೆ ಸಂದ ಬಿರುದೇ ಶಮ್ಸುಲ್ ಉಮರಾ, ಅಂದರೆ ಅಮೀರರಲ್ಲಿ ಸೂರ್ಯ.

ಅವನ ಮಗ ಫಕ್ರುದ್ದೀನ್ ಖಾನರು ಎರಡನೆಯ ಶಮ್ಸುಲ್ ಉಮರಾ. ನಿಜಾಮ ಅಲಿ ಖಾನನ ಮಗಳನ್ನು ಮದುವೆಯಾಗಿ ರಾಜಮನೆತನದ ಬಂಧುಗಳಾದರು. ಅಮೀರ್-ಎ-ಕಬೀರ್, ಅಂದರೆ ಮಹಾ ಅಮೀರ, ಎಂಬ ಇನ್ನೊಂದು ಬಿರುದನ್ನೂ ಪಡೆದರು. ಈ ವಂಶದಲ್ಲಿ ನನಗೆ ಅತ್ಯಂತ ಗೌರವಾರ್ಹರಾಗಿ ಕಾಣುವವರು ಇವರೇ, ಮತ್ತು ಅದು ಸಿರಿವಂತಿಕೆಗಾಗಿ ಅಲ್ಲ. ಗಣಿತ ಮತ್ತು ಭೌತವಿಜ್ಞಾನದಲ್ಲಿ ಆಸಕ್ತರಾಗಿದ್ದ ಇವರು ಪಾಶ್ಚಾತ್ಯ ವಿಜ್ಞಾನದ ಗ್ರಂಥಗಳನ್ನು ಉರ್ದುವಿಗೆ ತರಿಸಿ, ತಮ್ಮದೇ ಕಲ್ಲಚ್ಚಿನ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದರು. 'ಸಿತ್ತಾ-ಎ-ಶಮ್ಸಿಯಾ' ಎಂಬ ಆರು ಪುಸ್ತಕಗಳ ಮಾಲೆ ಇವರ ಬಿರುದನ್ನೇ ಹೊತ್ತಿದೆ. ದೇಶಭಾಷೆಯಲ್ಲಿ ವಿಜ್ಞಾನ ಹೇಳಲು ಸಾಧ್ಯವೇ ಎಂದು ಇಂದಿಗೂ ಅನುಮಾನಿಸುವವರು ಈ ಅಮೀರರ ಉದ್ಯಮವನ್ನು ನೆನೆಯಬೇಕು. ಆದರೆ ಆ ಬೆಳಕು ಗುಂಜೋಟಿಯ ರೈತನ ಮನೆಗೆ, ಅವನ ಕನ್ನಡ ಅಥವಾ ಮರಾಠಿಯಲ್ಲಿ, ತಲುಪಲಿಲ್ಲವೆಂಬುದನ್ನೂ ಹೇಳಲೇಬೇಕಾಗುತ್ತದೆ. 1863ರಲ್ಲಿ ಅವರು ತೀರಿಕೊಂಡರು. ಅವರ ಮಗ ರಶೀದುದ್ದೀನ್ ಖಾನರು, ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಬಾಲಕನಾಗಿದ್ದಾಗ, ಸಾಲಾರ್ ಜಂಗರೊಡನೆ ರಾಜ್ಯದ ರಕ್ಷಕರಾಗಿದ್ದವರು, 1881ರಲ್ಲಿ ನಿಧನರಾದರು.

ಇಲ್ಲಿಂದ ಮುಂದೆ ಇಂಗ್ಲಿಷ್ ಮಾದರಿಗೂ ನಮ್ಮದಕ್ಕೂ ಇರುವ ಅಂತರ ಕಣ್ಣಿಗೆ ಕಟ್ಟುತ್ತದೆ. ಹಿರಿಯನಿಗೇ ಎಲ್ಲವೂ ಎಂಬ ನಿಯಮವಿಲ್ಲದ ಕಾರಣ ಪಾಯಗಾ ಮೂರು ಶಾಖೆಗಳಾಗಿ ಒಡೆಯಿತು: ಆಸ್ಮಾನ್ ಜಾಹೀ, ಖುರ್ಷೀದ್ ಜಾಹೀ, ವಿಕಾರುಲ್ ಉಮರಾಹೀ. ಮೂವರೂ ಸಾಮಾನ್ಯರಲ್ಲ. ಆಸ್ಮಾನ್ ಜಾಹ್ 1887ರಲ್ಲಿ ದಿವಾನರಾದರು. ಅವರ ಬಳಿಕ ವಿಕಾರುಲ್ ಉಮರಾ 1901ರವರೆಗೆ ಆ ಪದವಿಯಲ್ಲಿದ್ದರು. ಹೈದರಾಬಾದಿನ ಫಲಕ್‌ನುಮಾ ಅರಮನೆಯನ್ನು ಕಟ್ಟಿಸಿ, ಅನಂತರ ನಿಜಾಮನಿಗೇ ಒಪ್ಪಿಸಿದವರು ಇವರೇ. ವಿಕಾರಾಬಾದ್ ಎಂಬ ಊರಿನ ಹೆಸರೂ ಇವರ ಬಿರುದಿನಿಂದಲೇ ಬಂದದ್ದು. ಆ ಅರಮನೆ 2010ರಿಂದ ಪಂಚತಾರಾ ಹೋಟೆಲಾಗಿದೆ. ಹಿರಿಯರು ತೀರಿಕೊಂಡ ಮೇಲೆ ವಾರಸುದಾರಿಕೆಯ ತಕರಾರುಗಳು ಹುಟ್ಟಿ, ಪಾಯಗಾಗಳು ಸರ್ಕಾರದ ಉಸ್ತುವಾರಿಗೆ ಒಳಪಟ್ಟು, ಆಯೋಗದ ವಿಚಾರಣೆ ನಡೆದು, ದಶಕಗಳೇ ಉರುಳಿದವು.

ಇನ್ನು ನಮ್ಮ ಹಳ್ಳಿಗಳ ಸ್ಥಿತಿ. ಹೈದರಾಬಾದ್ ಸಂಸ್ಥಾನದಲ್ಲಿ ನೆಲವು ಮೂರು ಬಗೆಯದು. ಸರ್ಕಾರ ನೇರವಾಗಿ ಆಳುವ ದಿವಾನಿ ಅಥವಾ ಖಾಲ್ಸಾ. ನಿಜಾಮನ ಸ್ವಂತ ಖರ್ಚಿನ ಸರ್ಫ್-ಎ-ಖಾಸ್. ಪಾಯಗಾ ಮತ್ತಿತರ ಜಾಗೀರುಗಳು. ನಿಲಂಗಾ, ಉದಗೀರ ತಾಲ್ಲೂಕುಗಳು ಬೀದರ ಜಿಲ್ಲೆಗೆ ಸೇರಿದ ದಿವಾನಿ. ಗುಂಜೋಟಿ, ಲೋಹಾರಾ ಪಾಯಗಾ. ಕಲ್ಯಾಣದಲ್ಲಿ ಬೇರೆಯೇ ನವಾಬರ ಜಾಗೀರು. ಆಳಂದದಿಂದ ಹೊರಟ ಎತ್ತಿನ ಗಾಡಿ ಉದಗೀರದ ಸಂತೆ ಮುಟ್ಟುವಷ್ಟರಲ್ಲಿ ಎಷ್ಟು ಒಡೆತನಗಳನ್ನು ದಾಟುತ್ತಿತ್ತೋ! ದೊಡ್ಡ ಪಾಯಗಾಗಳಿಗೆ ತಮ್ಮದೇ ಕಂದಾಯ ಇಲಾಖೆ, ತಮ್ಮದೇ ಪೊಲೀಸು, ತಮ್ಮದೇ ನ್ಯಾಯಾಲಯಗಳಿದ್ದವು. ಸಾಲಾರ್ ಜಂಗರು 1860ರ ದಶಕದಲ್ಲಿ ಜಿಲ್ಲಾ ಬಂದಿಯನ್ನು ಜಾರಿಗೆ ತಂದು, ತಾಲ್ಲೂಕುದಾರರನ್ನು ನೇಮಿಸಿ ಆಡಳಿತವನ್ನು ಸುಧಾರಿಸಿದರು. ಆ ಸುಧಾರಣೆಯೆಲ್ಲ ಮೊದಲು ದಿವಾನಿ ಹಳ್ಳಿಗೆ. ಪಾಯಗಾ ಹಳ್ಳಿಯವನ ದೂರು ಮೊದಲು ಅಮೀರರ ಕಾರಕೂನನಿಗೇ ಹೋಗಬೇಕು. ಆ ಕಾಗದಪತ್ರವೂ ಮೊದಲು ಫಾರಸಿಯಲ್ಲಿ, 1880ರ ದಶಕದಿಂದ ಉರ್ದುವಿನಲ್ಲಿ. ಕಚೇರಿಯ ಭಾಷೆ ಒಂದು, ಲೆಕ್ಕದ ಮೋಡಿ ಲಿಪಿ ಇನ್ನೊಂದು, ಮನೆಯ ಭಾಷೆ ಮತ್ತೊಂದು. ಈ ಮೂರರ ನಡುವೆ ನಮ್ಮ ಕನ್ನಡ ಮನೆತನಗಳು ತಲೆಮಾರುಗಳನ್ನು ಕಳೆದವು. ಅಡುಗೆಮನೆಯಲ್ಲಿ, ಜಾತ್ರೆಯಲ್ಲಿ, ಭಜನೆಯಲ್ಲಿ ಉಳಿದ ಕನ್ನಡಕ್ಕೆ ದಫ್ತರದಲ್ಲಿ ಸ್ಥಾನ ಸಿಗಲಿಲ್ಲ.

ಗುಂಜೋಟಿ ಎಂದಾಗ ಇನ್ನೊಂದು ಹೆಸರನ್ನು ಬಿಡಲಾಗದು. ಆ ಊರಿನ ದಾಸಪ್ಪ ಎಂಬ ತರುಣ ಆರ್ಯಸಮಾಜ ಸೇರಿ ವೇದಪ್ರಕಾಶನಾದ. 1938ರಲ್ಲಿ ಅಲ್ಲಿಯೇ ಕೊಲೆಯಾದ. ಹೈದರಾಬಾದಿನ ಆರ್ಯ ಸತ್ಯಾಗ್ರಹದ ಹುತಾತ್ಮರಲ್ಲಿ ಅವನ ಹೆಸರು ಮೊದಲು ಬರುತ್ತದೆ. ಅದೇ ವರ್ಷ ಆರ್ಯಸಮಾಜದ ಮುಂದಾಳು ಭಾಯಿ ಶ್ಯಾಮಲಾಲರು ಬೀದರದ ಸೆರೆಮನೆಯಲ್ಲಿ ಪ್ರಾಣಬಿಟ್ಟರು. ಉದಗೀರದಲ್ಲಿ ಅವರ ಹೆಸರಿನ ವಿದ್ಯಾಸಂಸ್ಥೆ ನಡೆದುಬಂದಿದೆ. 'ದಾಸಪ್ಪ' ಎಂಬ ಹೆಸರಿನ ಆ ಕೊನೆಯ 'ಅಪ್ಪ'ವನ್ನು ಮಾತ್ರ ಓದುಗರು ಗಮನಿಸಬೇಕೆಂದು ಕೋರುತ್ತೇನೆ.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನದ ವಿಲೀನವಾಯಿತು. 1949ರ ಆಗಸ್ಟಿನಲ್ಲಿ ಜಾಗೀರು ರದ್ದತಿಯ ಕಾಯಿದೆ ಬಂದು ಪಾಯಗಾಗಳು ಕೊನೆಗೊಂಡವು; ಜಾಗೀರುದಾರರಿಗೆ ಪರಿಹಾರ ಧನ ನಿಗದಿಯಾಯಿತು, ಹಳ್ಳಿಗಳು ದಿವಾನಿಯಲ್ಲಿ ಸೇರಿದವು. 1950ರ ಸಂವಿಧಾನದ 18ನೆಯ ವಿಧಿಯಿಂದ ಬಿರುದುಗಳೇ ನಿಂತವು. ಇಂಗ್ಲೆಂಡಿನಲ್ಲಿ ವಂಶಪಾರಂಪರ್ಯದ ಲಾರ್ಡುಗಳಲ್ಲಿ ಬಹುತೇಕರು ಮೇಲ್ಮನೆಯ ಪೀಠವನ್ನು ಕಳೆದುಕೊಂಡದ್ದು 1999ರಲ್ಲಿ, ಅದೂ ಪದವಿಯನ್ನು ಉಳಿಸಿಕೊಂಡೇ. ಈ ವಿಷಯದಲ್ಲಿ ನಾವು ಅರ್ಧ ಶತಮಾನ ಮುಂದಿದ್ದೆವು. 1956ರಲ್ಲಿ ಭಾಷಾವಾರು ವಿಂಗಡಣೆ ನಡೆದಾಗ ಒಂದೇ ಒಡೆಯನ ಕೈಕೆಳಗಿದ್ದ ಊರುಗಳು ಬೇರೆ ಬೇರೆ ರಾಜ್ಯಗಳ ಪಾಲಾದವು: ಆಳಂದ, ಚಿಟಗುಪ್ಪ ಮೈಸೂರಿಗೆ, ಗುಂಜೋಟಿ, ಲೋಹಾರಾ ಮುಂಬಯಿಗೆ. ಬೀದರ ಜಿಲ್ಲೆಯಿಂದ ನಿಲಂಗಾ, ಉದಗೀರ ಕಳಚಿ ಉಸ್ಮಾನಾಬಾದಿಗೆ, 1982ರಲ್ಲಿ ಹೊಸ ಲಾತೂರು ಜಿಲ್ಲೆಗೆ ಸೇರಿದವು. ಬೀಗರು ಆ ಕಡೆ, ಹೊಲ ಈ ಕಡೆ ಉಳಿದವು.

ಅಮೀರರ ಬಿರುದುಗಳು ಹೋದರೂ ಊರಮಟ್ಟದ ಪದವಿಗಳು ನಮ್ಮ ಹೆಸರುಗಳಲ್ಲಿ ಹಾಗೆಯೇ ಕುಳಿತಿವೆ. ನಿಜಾಮರ ಕಾಲದಲ್ಲಿ ಕಂದಾಯ ವಸೂಲಿಗೆ ಮಾಲಿ ಪಾಟೀಲ, ಊರಿನ ಬಂದೋಬಸ್ತಿಗೆ ಪೊಲೀಸ್ ಪಾಟೀಲ, ಲೆಕ್ಕಕ್ಕೆ ಕುಲಕರ್ಣಿ ಎಂಬ ವತನದಾರರಿದ್ದರು. ಪರಗಣೆಯ ಮೇಲೆ ದೇಶಮುಖ, ದೇಶಪಾಂಡೆ. ವತನು ಅಣ್ಣತಮ್ಮಂದಿರಲ್ಲಿ ಹಂಚಿಹೋದಾಗ ಪಾಳಿಯ ಪ್ರಕಾರ ಗೌಡಿಕೆ ನಡೆಸುತ್ತಿದ್ದರು. ಮಹಾರಾಷ್ಟ್ರದಲ್ಲಿ 1967ರ ಗ್ರಾಮ ಪೊಲೀಸ್ ಕಾಯಿದೆಯಿಂದ ಪೊಲೀಸ್ ಪಾಟೀಲನದು ಸರ್ಕಾರದ ನೇಮಕದ ಹುದ್ದೆಯಾಯಿತು. ಆದರೂ ನಮ್ಮ ಶಾಲೆಗಳ ಹಾಜರಿ ಪುಸ್ತಕದಲ್ಲಿ ಮಾಲಿಪಾಟೀಲ, ಪೊಲೀಸಪಾಟೀಲ, ದೇಶಮುಖರ ಮಕ್ಕಳಿಗೆ ಬರವಿಲ್ಲ. ಡ್ಯೂಕ್ ಎನ್ನುವುದು ಹೆಸರೋ ಕೆಲಸವೋ ಎಂದು ಕೇಳಿದ ಹುಡುಗನಿಗೆ ನಾನು ಇದೇ ಹೆಸರುಗಳನ್ನು ತೋರಿಸುತ್ತೇನೆ.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಎಷ್ಟೋ ಮನೆಗಳ ಟ್ರಂಕುಗಳಲ್ಲಿ ಮೊಹರು ಒತ್ತಿದ ಹಳೆಯ ಕಾಗದಗಳಿವೆ. ಓದಲು ಬಾರದೆಂದು ಅವನ್ನು ರದ್ದಿಗೆ ಹಾಕುವುದನ್ನು ನಾನು ಕಂಡಿದ್ದೇನೆ. ಗೋದಾವರಿಯವರೆಗೆ ಕನ್ನಡ ನಾಡಿತ್ತೆಂಬ ಒಂಬತ್ತನೆಯ ಶತಮಾನದ ಮಾತನ್ನು ಎಲ್ಲ ವೇದಿಕೆಗಳಲ್ಲಿಯೂ ಹೇಳುತ್ತೇವೆ. ಆದರೆ ನೂರು ವರ್ಷದ ಹಿಂದೆ ಈ ಊರುಗಳಲ್ಲಿ ಕನ್ನಡ ಬರೆಯುವವರಿದ್ದರೆನ್ನಲು ಪುರಾವೆ ಬೇಕಾದರೆ ಅದು ಸಿಗಬಹುದಾದದ್ದು ಆ ಟ್ರಂಕುಗಳಲ್ಲಿಯೇ. ಉರ್ದು ಅಥವಾ ಮೋಡಿ ಬರಹದ ಕೆಳಗೆ ಸಾಕ್ಷಿದಾರನೊಬ್ಬನ ರುಜು ಕನ್ನಡ ಅಕ್ಷರದಲ್ಲಿದ್ದರೆ ಅದರ ಬೆಲೆ ಅಷ್ಟಿಷ್ಟಲ್ಲ. ಕಾಗದದ ಕಾಲ ತಿಳಿಯುವುದು ಕಷ್ಟವೇನಲ್ಲ. ಅದರಲ್ಲಿ ಸಾಮಾನ್ಯವಾಗಿ ಫಸಲಿ ವರ್ಷ ನಮೂದಾಗಿರುತ್ತದೆ. ಆ ಅಂಕಿಗೆ 590 ಕೂಡಿಸಿದರೆ ಕ್ರಿಸ್ತಶಕದ ವರ್ಷ ಒಂದು ವರ್ಷದ ಹೆಚ್ಚುಕಡಿಮೆಯಲ್ಲಿ ದೊರೆಯುತ್ತದೆ. 1312 ಫಸಲಿ ಎಂದಿದ್ದರೆ ಅದು 1902 ಅಥವಾ 1903ರ ಕಾಗದ. ಮೊಹರಿನಲ್ಲಿ ಹಿಜರಿ ವರ್ಷವಿದ್ದರೆ ಈ ಲೆಕ್ಕ ಹೊಂದುವುದಿಲ್ಲ, ಪಂಚಾಂಗ ನೋಡಬೇಕು. ಅಂಥ ಕಾಗದವಿದ್ದವರು ಮೊದಲು ಅದರ ಛಾಯಾಪ್ರತಿ ತೆಗೆಸಿಟ್ಟು, ಉರ್ದು ಬಲ್ಲ ಹಿರಿಯರು ಊರಿನಲ್ಲಿ ಇರುವಾಗಲೇ ಓದಿಸಿಕೊಳ್ಳಬೇಕು.