ಲಂಗೋಟಿಯ ಲೆಕ್ಕ

ಗೃಹಕೃತ್ಯದ ಜಮಾಖರ್ಚನ್ನು ನಿಯಮದಿಂದ ಬರೆದಿಡುತ್ತಿದ್ದ ನಮ್ಮ ಹಿರಿಯರಲ್ಲಿಯೂ ಎಳೆಗೂಸಿನ ಲಂಗೋಟಿಗೆಂದು ಪ್ರತ್ಯೇಕ ಬಾಬೊಂದನ್ನು ತೆರೆದವರನ್ನು ನಾನು ಕಂಡಿಲ್ಲ. ಉಟ್ಟು ಹಳತಾದ ಸೀರೆಯು ಕೌದಿಯ ಹೊಟ್ಟೆಯನ್ನು ಸೇರುತ್ತಿತ್ತು. ಕೌದಿಗೂ ಸಲ್ಲದಷ್ಟು ಮೆತ್ತಗಾದ ಭಾಗವನ್ನು ಹರಿದು, ಒಗೆದು, ಮಡಿಚಿ, ಬಾಣಂತಿಯ ಕೋಣೆಯ ಗೂಡಿನಲ್ಲಿ ಇಡುತ್ತಿದ್ದರು. ಈ ಪರಿವರ್ತನೆಗೆ ಕಾಸಿನ ಖರ್ಚೂ ಇಲ್ಲವೆಂದು ಮನೆಯ ಯಜಮಾನನು ನಂಬಿದ್ದನು. ಇಂದು ಬಾಗಲಕೋಟೆಯ ನವನಗರದ ಯಾವ ಔಷಧದ ಅಂಗಡಿಯ ಮುಂದೆ ನಿಂತರೂ ಔಷಧಕ್ಕಿಂತ ಮೊದಲು ಕಣ್ಣಿಗೆ ಬೀಳತಕ್ಕದ್ದು ಡೈಪರಿನ ಪೊಟ್ಟಣಗಳ ಸಾಲೇ ಆಗಿರುವುದರಿಂದ, ಆ ಬಾಬನ್ನು ತೆರೆಯದೆ ಗತ್ಯಂತರವಿಲ್ಲ.

ಮಗಳು ಬಾಣಂತನಕ್ಕೆಂದು ಬೆಂಗಳೂರಿನಿಂದ ಬಂದಾಗ ಅವಳ ಸಾಮಾನಿನಲ್ಲಿ ಅರ್ಧ ಪಾಲು ಇಂಥ ಪೊಟ್ಟಣಗಳೂ ಒದ್ದೆ ವೈಪ್ಸಿನ ಡಬ್ಬಿಗಳೂ ಇದ್ದವು. ನನ್ನ ಮನೆಯವರು ಅವಕ್ಕೆ ಎದುರಾಗಿ, ತಾವು ಉಟ್ಟು ಹಳತು ಮಾಡಿದ ಇಳಕಲ್ಲ ಸೀರೆಗಳ ಒಡಲನ್ನು ಹರಿದು ಸಿದ್ಧಪಡಿಸಿದ್ದ ಅರಿವೆಯ ಗಂಟನ್ನು ತಂದಿಟ್ಟರು. ರೇಷ್ಮೆಯ ಸೆರಗನ್ನು ಬೇರ್ಪಡಿಸಿ, ಹತ್ತಿಯ ಒಡಲನ್ನು ಮಾತ್ರ, ಅದೂ ಬಣ್ಣ ಬಿಡುವುದು ಪೂರ್ತಿಯಾಗಿ ನಿಂತ ಮೇಲೆ, ಆರಿಸಿಕೊಂಡಿದ್ದರೆಂಬುದನ್ನು ಅವರ ಪರವಾಗಿ ಹೇಳಬೇಕು.

“ಅವ್ವಾ, ಇದು ಸ್ವಚ್ಛ ಐತಿ ಅಂತ ಹೆಂಗ ಹೇಳ್ತಿ?” ಎಂದು ಮಗಳು ಕೇಳಿದಳು.

“ನೀ ಇದರಾಗ ಬೆಳದಾಕಿ. ನಿನಗೇನಾಗೇತಿ ಈಗ?” ಎಂಬ ಉತ್ತರ ಬಂದಿತು.

ಇದು ಉತ್ತರವಲ್ಲವೆಂಬುದು ಸ್ಪಷ್ಟ. ಆ ಅರಿವೆಗಳಲ್ಲಿ ಬೆಳೆದು ಬದುಕಿದವರು ಸಾಕ್ಷಿ ಹೇಳಲು ಇದ್ದಾರೆ. ಭೇದಿಯಿಂದ ಹೋದ ಕೂಸುಗಳು ಸಾಕ್ಷಿಗೆ ಬರುವುದಿಲ್ಲ. ಆದುದರಿಂದ ಮಗಳ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಸ್ವೀಕರಿಸಿ, ಮೊದಲು ಹಣದ ಕಡೆಯಿಂದ, ಅನಂತರ ಶೌಚದ ಕಡೆಯಿಂದ ನೋಡೋಣವೆಂದು ನಾನು ಪೆನ್ಸಿಲ್ಲು ಹಿಡಿದು ಕುಳಿತೆನು. ಇವೆರಡೂ ಬೇರೆ ಬೇರೆ ಲೆಕ್ಕಗಳಲ್ಲವೆಂಬುದು ಕುಳಿತ ಮೇಲೆ ತಿಳಿಯುತ್ತ ಹೋಯಿತು.

ಡೈಪರಿನ ಬೆಲೆ ಗಾತ್ರದಿಂದ ಗಾತ್ರಕ್ಕೂ ಅಂಗಡಿಯಿಂದ ಅಂಗಡಿಗೂ ಬದಲಾಗುತ್ತದೆ. ಒಂದಕ್ಕೆ ಹತ್ತು ರೂಪಾಯಿ, ದಿನಕ್ಕೆ ಆರು ಎಂದು ಹಿಡಿದರೆ ತಿಂಗಳಿಗೆ 1,800 ರೂಪಾಯಿ. ಎರಡು ವರ್ಷಕ್ಕೆ 43,200. 2025ರ ಸೆಪ್ಟೆಂಬರ್ 22ರಿಂದ ಮಕ್ಕಳ ಡೈಪರಿನ ಮೇಲಿನ ಜಿಎಸ್‌ಟಿಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಿದ್ದಾರೆ. ಆ ಇಳಿಕೆಯ ಪೂರ್ಣಲಾಭವನ್ನು ಮಾರುವವನು ನಮಗೇ ದಾಟಿಸಿದನೆಂದು ಉದಾರವಾಗಿ ಭಾವಿಸಿದರೂ, ಮೊದಲು 1,800 ಕೊಡುತ್ತಿದ್ದವನಿಗೆ ತಿಂಗಳಿಗೆ ಉಳಿಯತಕ್ಕದ್ದು ನೂರಹನ್ನೆರಡು ರೂಪಾಯಿಯಷ್ಟೆ. ಸ್ವಾಗತಾರ್ಹವೇ ಹೌದು, ಆದರೆ ಅದರಿಂದ ತೀರ್ಮಾನವೇನೂ ಬದಲಾಗದು.

ಇನ್ನು ಶೌಚದ ವಿಷಯ. ಕೂಸಿನ ಮೂತ್ರವು ಹೊರಬಂದ ಕ್ಷಣದಲ್ಲಿ ಹೆಚ್ಚಿನ ಅಪಾಯದ್ದಲ್ಲ. ಆದರೆ ಅದು ಬಟ್ಟೆಯಲ್ಲಿಯೇ ನಿಂತು ಮಲದೊಡನೆ ಬೆರೆತರೆ, ಅಲ್ಲಿರುವ ಬ್ಯಾಕ್ಟೀರಿಯಾಗಳು ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾವನ್ನು ಹುಟ್ಟಿಸುತ್ತವೆ. ಅದರಿಂದ ಚರ್ಮದ ಆಮ್ಲತೆ ತಗ್ಗಿ, ಮಲದಲ್ಲಿರುವ ಜೀರ್ಣಕಾರಕ ಕಿಣ್ವಗಳು ಚುರುಕುಗೊಂಡು, ತೊಡೆಯ ಸಂದಿನ ಎಳೆಯ ಚರ್ಮವನ್ನೇ ತಿನ್ನತೊಡಗುತ್ತವೆ. ನಾವು ಕೆಂಪಗಾಯಿತು, ಗುಳ್ಳೆ ಎದ್ದಿತು ಎಂದು ಹೇಳುವುದರ ಮೂಲ ಇದು. ಬಟ್ಟೆಯಾಗಲಿ ಡೈಪರಾಗಲಿ, ಹೊತ್ತಿಗೆ ಸರಿಯಾಗಿ ಬದಲಿಸದಿದ್ದರೆ ಫಲ ಒಂದೇ. ಆದರೆ ಡೈಪರಿನೊಳಗಿನ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಹರಳುಪುಡಿಯು ತೇವವನ್ನು ಹೀರಿ ತನ್ನಲ್ಲಿಯೇ ಹಿಡಿದುಕೊಳ್ಳುವುದರಿಂದ, ಎಂಟು ಗಂಟೆಯ ರಾತ್ರಿಯಲ್ಲಿ ಅದು ಚರ್ಮವನ್ನು ಸೀರೆಯ ತುಂಡಿಗಿಂತ ಒಣಗಿಸಿ ಇಡುವುದೆಂಬುದನ್ನು ಅಲ್ಲಗಳೆಯಲಾಗದು. ನನ್ನ ಮನೆಯವರು ಇದನ್ನು ಇನ್ನೂ ಒಪ್ಪಿಲ್ಲ.

ಮಲದ ಮಾತು ಬೇರೆ. ಎದೆಹಾಲು ಕುಡಿಯುವ ಕೂಸಿನ ಹೇಲಿಗೆ ಹೇಸಿಗೆಯಿಲ್ಲ, ದೋಷವಿಲ್ಲ ಎಂಬ ನಂಬಿಕೆ ನಮ್ಮ ಕಡೆ ಬಹಳ ಹಳೆಯದು. ವಾತ್ಸಲ್ಯದ ದೃಷ್ಟಿಯಿಂದ ಸುಂದರವಾದ ಈ ನಂಬಿಕೆಯು ವೈದ್ಯಶಾಸ್ತ್ರದ ದೃಷ್ಟಿಯಿಂದ ಅಪಾಯಕಾರಿ. ಯಾಕೆಂದರೆ ರೋಟಾವೈರಸ್ ಮೊದಲಾದ ಭೇದಿಯ ಕ್ರಿಮಿಗಳು ಎಳೆಯ ಮಕ್ಕಳ ಮಲದಲ್ಲಿಯೇ ಯಥೇಚ್ಛವಾಗಿರುತ್ತವೆ, ಒಗೆದವರ ಕೈಯಿಂದ ಮನೆಯ ತಾಟಿಗೂ ತಟ್ಟೆಗೂ ದಾಟುತ್ತವೆ. ಆದುದರಿಂದ ಲಂಗೋಟಿಯನ್ನು ಬಿಚ್ಚಿದೊಡನೆ ಗಟ್ಟಿ ಭಾಗವನ್ನು ಶೌಚಾಲಯದಲ್ಲಿಯೇ ಕೆಡವಿ, ಜಾಲಿಸಿ, ಮುಚ್ಚಳವಿರುವ ಬಕೆಟ್ಟಿನಲ್ಲಿ ಬೇರೆಯಾಗಿ ಇಡತಕ್ಕದ್ದು. ದಿನಗಟ್ಟಲೆ ನೀರಿನಲ್ಲಿ ನೆನೆಯಿಡುವುದು ಶುದ್ಧಿಯಲ್ಲ, ಕ್ರಿಮಿಗಳ ಕೃಷಿ. ನಮ್ಮ ಮನೆಯಲ್ಲಿ ಬಿಚ್ಚಿದವರೇ ಕೆಡವಬೇಕೆಂಬ ಕಾಯಿದೆಯಾಗಿದೆ. ರಜೆಯ ಮೇಲೆ ಬಂದಿದ್ದ ಅಳಿಯಂದಿರಿಗೂ ಅದು ಅನ್ವಯಿಸಿತು.

ತೊಳೆಯುವ ನೀರಿನ ವಿಷಯದಲ್ಲಿ ನಮ್ಮ ನೆಲದ ಒಂದು ಗುಣವನ್ನು ಹೇಳಲೇಬೇಕು. 1885ರವರೆಗೆ ಜಿಲ್ಲೆಯ ಕೇಂದ್ರವಾಗಿದ್ದು, ಇಂದು ನಮ್ಮ ತಾಲೂಕಿನ ಒಂದು ಊರಾಗಿರುವ ಕಲಾದಗಿಯ ಹೆಸರನ್ನು ಭೂವಿಜ್ಞಾನಿಗಳು ಈ ಸೀಮೆಯ ಪುರಾತನ ಶಿಲಾಸ್ತರಗಳಿಗೆ ಇಟ್ಟಿದ್ದಾರೆ. ಆ ಸ್ತರಗಳಲ್ಲಿ ಸುಣ್ಣಕಲ್ಲೂ ಡಾಲೊಮೈಟೂ ಹೇರಳವಾಗಿವೆ. ಬಾಗಲಕೋಟೆಯ ಸಿಮೆಂಟಿಗೆ ಆಹಾರವಾದ ಕಲ್ಲೇ ನಮ್ಮ ಬೋರಿನ ನೀರಿಗೂ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ಕೊಟ್ಟಿದೆ. ಇಂಥ ಗಡಸು ನೀರಿನಲ್ಲಿ ಸಬಕಾರ ಹಾಕಿ ತಿಕ್ಕಿದರೆ ನೊರೆಗಿಂತ ಮೊದಲು ಮೊಸರಿನಂಥ ಗಸಿ ಕಾಣಿಸುತ್ತದೆ; ಆ ಗಸಿ ಎಳೆಗಳಲ್ಲಿ ಕೂತು, ಅರಿವೆಯು ದಿನೇ ದಿನೇ ಬಿರುಸಾಗಿ, ತೇವವನ್ನು ಹೀರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಆದುದರಿಂದ ಬೋರಿನ ನೀರಿನವರು ಲಂಗೋಟಿಗೆ ಬಟ್ಟೆಯ ಸಬಕಾರದ ಬದಲು ಡಿಟರ್ಜೆಂಟ್ ಪುಡಿಯನ್ನೇ ಬಳಸಿ, ಅದರ ಅಂಶವೇನೂ ಉಳಿಯದಂತೆ ಮತ್ತೊಮ್ಮೆ ಚೆನ್ನಾಗಿ ಜಾಲಿಸತಕ್ಕದ್ದು. ಬಟ್ಟೆಗೆ ಮೃದುತ್ವ ಕೊಡುವ ಸುಗಂಧದ್ರವಗಳೂ ಹೀರುವ ಶಕ್ತಿಯನ್ನು ಕುಂದಿಸುತ್ತವೆ. ಕಡೆಯ ಜಾಲಿಕೆಯಲ್ಲಿ ಸುರಿಯುವ ನಂಜುನಿರೋಧಕ ದ್ರಾವಣವು ಬಟ್ಟೆಯಲ್ಲಿ ಉಳಿದು ಕೂಸಿನ ಚರ್ಮವನ್ನು ಕೆರಳಿಸಬಹುದು. ಎರಡೂ ದುಡ್ಡು ಕೊಟ್ಟು ತಂದ ತೊಂದರೆಗಳೇ.

ಕ್ರಿಮಿಗಳನ್ನು ನಿಜವಾಗಿ ಅಡಗಿಸತಕ್ಕದ್ದು ಶಾಖ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯು ಬಟ್ಟೆಯ ಲಂಗೋಟಿಗಳನ್ನು 60 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ತೊಳೆಯಲು ಹೇಳುತ್ತದೆ. ಕೈ ತಾಳುವಷ್ಟು ಬಿಸಿಯಾದ ನೀರು ಅಷ್ಟು ಬಿಸಿಯದಲ್ಲ. ಹಂಡೆಯ ಕುದಿನೀರನ್ನು ಪುಡಿ ಹಾಕಿದ ಬಕೆಟ್ಟಿಗೆ ಸುರಿದು, ಮುಚ್ಚಿಟ್ಟು, ತಣಿದ ಮೇಲೆ ಒಗೆಯುತ್ತಿದ್ದ ನಮ್ಮ ಅಜ್ಜಿಯರು ಉಷ್ಣಮಾಪಕವಿಲ್ಲದೆಯೇ ಈ ನಿಯಮವನ್ನು ಪಾಲಿಸಿದ್ದರು. ಇಪ್ಪತ್ತು ಲೀಟರು ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು ಸುಮಾರು 0.8 ಯೂನಿಟ್ ವಿದ್ಯುತ್ತು ಬೇಕು. ಯೂನಿಟ್ಟಿಗೆ ಆರೇಳು ರೂಪಾಯಿ ಹಿಡಿದರೆ ದಿನಕ್ಕೆ ಐದಾರು ರೂಪಾಯಿ. ಮಾಳಿಗೆಯ ಮೇಲೆ ಸೌರ ಹೀಟರಿದ್ದವರಿಗೆ ಅಷ್ಟೂ ಇಲ್ಲ. ಇಲ್ಲೊಂದು ವಿನೋದವಿದೆ. ಈಚೆಗೆ ಮಾರಾಟಕ್ಕೆ ಬಂದಿರುವ, ಗುಂಡಿ ಹಾಕಿ ತೊಡಿಸುವ, ನೂರಾರು ರೂಪಾಯಿ ಬೆಲೆಯ ಬಟ್ಟೆ ಡೈಪರುಗಳಿಗೆ ನೀರು ಸೋರದ ಪ್ಲಾಸ್ಟಿಕ್ಕಿನ ಪದರವಿರುವುದರಿಂದ ಅವನ್ನು ಕುದಿಸಲಾಗದು, ಕುದಿಸಿದರೆ ಪದರ ಬಿಡುತ್ತದೆ. ಬೆಲೆಯಿಲ್ಲದ ಹಳೆಯ ಸೀರೆಯ ತುಂಡಾದರೋ ಎಷ್ಟು ಕುದಿಸಿದರೂ ತಾಳುತ್ತದೆ.

ಶಾಖದ ಅನಂತರ ಬಿಸಿಲು. ವರ್ಷಕ್ಕೆ 600 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ, ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಈ ಊರಿನಲ್ಲಿ ಮಾಳಿಗೆಯ ಮೇಲೆ ಹರವಿದ ಲಂಗೋಟಿಯು ನೋಡನೋಡುತ್ತಲೇ ಒಣಗುತ್ತದೆ; ಒಣಗುವಿಕೆಯೂ ಸೂರ್ಯನ ನೇರಳಾತೀತ ಕಿರಣಗಳೂ ಕೂಡಿ, ಒಗೆತದಲ್ಲಿ ಉಳಿದ ಕ್ರಿಮಿಗಳನ್ನು ಮತ್ತಷ್ಟು ಕುಗ್ಗಿಸುತ್ತವೆ. ಇಂಗ್ಲೆಂಡಿನಲ್ಲಿ 2008ರಲ್ಲಿ ಪ್ರಕಟವಾದ ಸರಕಾರಿ ಅಧ್ಯಯನವೊಂದರ ಪ್ರಕಾರ ಬಟ್ಟೆಯ ಲಂಗೋಟಿಯಿಂದ ಪರಿಸರಕ್ಕೆ ಆಗುವ ಲಾಭವು, ಅದನ್ನು ಯಂತ್ರದಲ್ಲಿ ಒಣಗಿಸುತ್ತಾರೋ ಹಗ್ಗದ ಮೇಲೆ ಒಣಗಿಸುತ್ತಾರೋ, ಎರಡನೆಯ ಮಗುವಿಗೂ ಅದನ್ನೇ ಬಳಸುತ್ತಾರೋ ಎಂಬುದನ್ನು ಅವಲಂಬಿಸಿತ್ತು. ಅವರು ವಿದ್ಯುತ್ತು ಸುಟ್ಟು ಪಡೆಯಬೇಕಾದುದನ್ನು ನಾವು ಪುಕ್ಕಟೆಯಾಗಿ ಪಡೆದಿದ್ದೇವೆ. ಬಿಸಿಲನ್ನು ಬೈಯುವ ನಾವು ಅದನ್ನು ಎಂದೂ ಜಮಾ ಬರೆದಿಲ್ಲ.

ಹಾಗಾದರೆ ಬಟ್ಟೆಯೇ ಅಗ್ಗವಲ್ಲವೆ? ಒಗೆಯುವ ಕೈಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರೆಗೆ ಹೌದು. ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಬಾಣಂತಿಯ ಮತ್ತು ಕೂಸಿನ ಅರಿವೆಗಳನ್ನು ಒಯ್ದು ಹೊಳೆಯಲ್ಲಿ ಒಗೆದು ತರುತ್ತಿದ್ದವರು ಮಡಿವಾಳರ ಮನೆಯ ಹೆಣ್ಣುಮಕ್ಕಳು. ಅದಕ್ಕೆ ಪ್ರತಿಯಾಗಿ ಸುಗ್ಗಿಯ ಕಾಲಕ್ಕೆ ಆ ಮನೆಗೆ ಜೋಳದ ಆಯ ಸಲ್ಲುತ್ತಿತ್ತು. ಜಾತಿಯ ನೊಗದಲ್ಲಿ ಕಟ್ಟಿದ ಆ ವ್ಯವಸ್ಥೆ ಮರಳಿ ಬರಬೇಕೆಂದು ಯಾವ ವಿವೇಕಿಯೂ ಬಯಸಲಾರನು. ಕೊಡುತ್ತಿದ್ದ ಆಯವೂ ಕೆಲಸಕ್ಕೆ ತಕ್ಕದ್ದಾಗಿರಲಿಲ್ಲ. ಆದರೂ, ಎಷ್ಟು ಅಲ್ಪವಾದರೂ ಒಂದು ಬೆಲೆ ಆ ಕೆಲಸಕ್ಕೆ ಇದ್ದಿತು. ಆಲಮಟ್ಟಿಯ ಹಿನ್ನೀರಿಗೆ ಘಟಪ್ರಭೆಯ ದಂಡೆಯ ಓಣಿಗಳನ್ನು ಬಿಟ್ಟುಕೊಟ್ಟು, ಸೆಕ್ಟರು ಸೆಕ್ಟರುಗಳಾಗಿ ಹಂಚಿದ ಈ ನವನಗರಕ್ಕೆ ನಾವು ಬಂದು ನೆಲೆಸುವ ಹೊತ್ತಿಗೆ ಹೊಳೆಯೂ ಆಯವೂ ಹಿಂದೆ ಉಳಿದಿದ್ದವು. ಕೆಲಸವು ಮಾತ್ರ ನಮ್ಮೊಡನೆ ಬಂದು, ಸದ್ದಿಲ್ಲದೆ ಮನೆಯ ಹೆಂಗಸರ ಬಚ್ಚಲಿಗೆ ಸೇರಿ, ಅಲ್ಲಿಂದ ಲೆಕ್ಕದ ಪುಸ್ತಕದಿಂದಲೇ ಕಾಣೆಯಾಯಿತು. ಬಟ್ಟೆಯ ಲಂಗೋಟಿಯಿಂದ ಉಳಿತಾಯವಾಗುತ್ತದೆಂದು ಗಂಡಸರು ಹೇಳುವಾಗ ಆ ಉಳಿತಾಯದ ಮೊತ್ತವು ಬಹುಮಟ್ಟಿಗೆ ಈ ಕಾಣೆಯಾದ ಕೂಲಿಯೇ.

ಆದುದರಿಂದ ನಮ್ಮ ಮನೆಯಲ್ಲಿ ಹಗಲಿಗೆ ಅರಿವೆ, ರಾತ್ರಿಗೆ ಒಂದು ಡೈಪರ್ ಎಂದು ಗೊತ್ತುಮಾಡಿ, ಬಟ್ಟೆ ಒಗೆಯಲು ಬರುವ ಹೆಣ್ಣುಮಗಳಿಗೆ ತಿಂಗಳಿಗೆ ಸಾವಿರ ರೂಪಾಯಿ ಹೆಚ್ಚಿಗೆ ಕೊಡತಕ್ಕದ್ದೆಂದು ತೀರ್ಮಾನಿಸಿದೆವು. ಮಲವನ್ನು ಕೆಡವಿ ಕುದಿನೀರಿನಲ್ಲಿ ಅದ್ದುವ ಕೆಲಸ ಮನೆಯವರದು, ಕೂಲಿಗೆ ಕೊಡತಕ್ಕದ್ದಲ್ಲ. ಸಾವಿರ ಕೂಲಿ, ನೂರೆಪ್ಪತ್ತು ಬಿಸಿನೀರು, ನೂರೈವತ್ತು ಪುಡಿ, ಮುನ್ನೂರು ರಾತ್ರಿಯ ಡೈಪರ್: ಒಟ್ಟು 1,620. ಬರೀ ಡೈಪರಿನ ದಾರಿಗೂ ಇದಕ್ಕೂ ಅಂತರ ತಿಂಗಳಿಗೆ ನೂರೆಂಬತ್ತು ರೂಪಾಯಿ. ಇಷ್ಟಕ್ಕಾಗಿ ಇಷ್ಟೆಲ್ಲ ಕಷ್ಟವೇಕೆಂದು ಮಗಳು ನಕ್ಕಳು. ನನ್ನ ಮತವೇನೆಂದರೆ, ಉಳಿದ ಹಣವನ್ನಲ್ಲ, ಹೋದ ಹಣವನ್ನು ನೋಡಬೇಕು: ಸಾವಿರ ರೂಪಾಯಿ ದೂರದ ಕಾರ್ಖಾನೆಗೆ ಹೋಗುವ ಬದಲು ಎರಡು ಸೆಕ್ಟರು ಆಚೆಯ ಮನೆಯೊಂದರ ಒಲೆಗೆ ಹೋಯಿತು. ಇದಲ್ಲದೆ, ಬಳಸಿದ ಡೈಪರನ್ನು ಸುತ್ತಿ ಬೇರೆಯಾಗಿ ಕೊಡಬೇಕೆಂದು ಘನತ್ಯಾಜ್ಯ ನಿಯಮಗಳು ವಿಧಿಸಿದ್ದರೂ, ಖಾಲಿ ನಿವೇಶನಗಳಲ್ಲಿ ಅವನ್ನು ನಾಯಿಗಳು ಎಳೆದಾಡುವ ದೃಶ್ಯ ಯಾವ ಬಡಾವಣೆಗೂ ಅಪರಿಚಿತವಲ್ಲ. ಆ ಖರ್ಚನ್ನು ಯಾರ ಲೆಕ್ಕಕ್ಕೆ ಬರೆಯುವುದು?

ಒರೆಸುವ ಬಟ್ಟೆಯ ವಿಷಯದಲ್ಲಿ ನನಗೆ ಸಂದೇಹವೇ ಇಲ್ಲ. ಮನೆಯಲ್ಲಿರುವಾಗ ಉಗುರುಬೆಚ್ಚಗಿನ ನೀರು ಮತ್ತು ಹಳೆಯ ಹತ್ತಿಯ ತುಂಡು ಸಾಕು. ನಮ್ಮ ಕಡೆ ಕೂಸನ್ನು ಒರೆಸುವುದಕ್ಕಿಂತ ತೊಳೆಯುವುದೇ ರೂಢಿ. ಕೊಂಡ ವೈಪ್ಸಿನಿಂದ ಚರ್ಮಕ್ಕೆ ಕೇಡೇ ಆಗುವುದೆಂದು ಹೇಳಲಾಗದು. ನೀರು-ಹತ್ತಿಗೂ ವೈಪ್ಸಿಗೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲವೆಂದು ಮ್ಯಾಂಚೆಸ್ಟರಿನ ಸಂಶೋಧಕರು 2012ರಲ್ಲಿ ಬರೆದರು. ಆದರೆ ವೈಪ್ಸಿಗೆ ಬೆರೆಸುತ್ತಿದ್ದ ಮೀಥೈಲ್‌ಐಸೋಥಯಾಝೋಲಿನೋನ್ ಎಂಬ ಸಂರಕ್ಷಕವು ಚರ್ಮದ ಅಲರ್ಜಿಯನ್ನು ತರುವುದು ಕಂಡುಬಂದು, ಯುರೋಪಿನಲ್ಲಿ 2017ರಿಂದ ಅದನ್ನು ತೊಳೆಯದೆ ಬಿಡುವ ಪ್ರಸಾಧನಗಳಲ್ಲಿ ನಿಷೇಧಿಸಿದರೆಂಬುದನ್ನೂ ನೆನೆಯಬೇಕು. ಬಟ್ಟೆಯವರಿಗೂ ಒಂದು ಎಚ್ಚರಿಕೆ ಸಲ್ಲುತ್ತದೆ: ತುಂಡುಗಳನ್ನು ಒದ್ದೆ ಮಾಡಿ ಡಬ್ಬಿಯಲ್ಲಿ ತುಂಬಿಡಬಾರದು. ಸಂರಕ್ಷಕವಿಲ್ಲದ ತೇವದಲ್ಲಿ ಕ್ರಿಮಿಗಳು ಒಂದೆರಡು ದಿನದಲ್ಲಿಯೇ ಸಂಸಾರ ಹೂಡುತ್ತವೆ, ಬೇಕಾದಾಗ ಅದ್ದಿಕೊಳ್ಳತಕ್ಕದ್ದು.

ಎಲ್ಲಕ್ಕಿಂತ ಅಗ್ಗವಾದ ಉಪಾಯವು ಪೆನ್ಸಿಲ್ಲಿನಿಂದ ಬಂದುದಲ್ಲ. ಕೂಸಿಗೆ ಕತ್ತು ನಿಂತ ಮೇಲೆ ನನ್ನ ಮನೆಯವರು ಕಾಲು ನೀಡಿ ಕುಳಿತು, ಅದನ್ನು ತಮ್ಮ ಪಾದಗಳ ಮೇಲೆ ಕುಳ್ಳಿರಿಸಿಕೊಂಡು, ಹಾಲು ಕುಡಿದ ಸ್ವಲ್ಪ ಹೊತ್ತಿಗೆ “ಶ್ಶ್” ಎಂದು ಸದ್ದು ಮಾಡುತ್ತ ಕಾಯತೊಡಗಿದರು. ಕೆಲವು ವಾರಗಳಲ್ಲಿ ಹಗಲಿನ ಅರಿವೆಗಳು ಅರ್ಧಕ್ಕೆ ಇಳಿದವು. ಇಂಜಿನಿಯರಾದ ಅಳಿಯಂದಿರು ಇದನ್ನು ಕಂಡು ಬೆರಗಾಗಿ, “ಅತ್ತೀ, ಇದನ್ನ ಯಾರ ಕಲಿಸಿದ್ರಿ ನಿಮಗ?” ಎಂದು ಕೇಳಿದ್ದಕ್ಕೆ, “ಕಲಸಾಕ ಏನೈತ್ರೀ ಇದರಾಗ” ಎಂದಷ್ಟೇ ಹೇಳಿ ಒಳಗೆ ಹೋದರು.

ಮಗಳು ಬೆಂಗಳೂರಿಗೆ ಮರಳುವಾಗ ಅರಿವೆಯ ಗಂಟನ್ನು ತಾನಾಗಿಯೇ ಕೇಳಿ ಒಯ್ದಳು. ಅಲ್ಲಿ ಲೆಕ್ಕ ಬೇರೆ. ಆರನೆಯ ಅಂತಸ್ತಿನ ಬಾಲ್ಕನಿಗೆ ಬೆಳಗಿನ ಒಂದು ಗಂಟೆ ಬಿಸಿಲು. ಮಳೆಗಾಲದಲ್ಲಿ ಅದೂ ಇಲ್ಲ. ಪೂರ್ತಿ ಒಣಗದ ಅರಿವೆಯನ್ನು ಕೂಸಿಗೆ ಕಟ್ಟಬಾರದಾದುದರಿಂದ ಬಿಸಿ ಇಸ್ತ್ರಿ ಹಾಕಿ ಒಣಗಿಸೆಂದು ನಾನು ಹೇಳಿ ಕಳಿಸಿದ್ದೆನು. ಅಪಾರ್ಟ್‌ಮೆಂಟಿನ ಕೆಳಗೆ ನಿಲ್ಲುವ ಇಸ್ತ್ರಿಯವನಿಗೇ ಅವನ್ನು ಕೊಡಬಹುದೇ ಎಂದು ಅಳಿಯಂದಿರು ಫೋನಿನಲ್ಲಿ ವಿಚಾರಿಸಿದ್ದಾರೆ; ಲಂಗೋಟಿಯೊಂದಕ್ಕೆ ಅವನು ಷರ್ಟಿನ ದರವನ್ನು ಕೇಳುವನೋ ಕರವಸ್ತ್ರದ ದರವನ್ನು ಕೇಳುವನೋ ಎಂಬುದು ಗೊತ್ತಾದೊಡನೆ ಈ ಲೆಕ್ಕಕ್ಕೆ ಇನ್ನೊಂದು ಸಾಲನ್ನು ಸೇರಿಸಬೇಕಾಗಿದೆ.