ಪ್ರಶ್ನೆಗೂ ಉತ್ತರಕ್ಕೂ ನಡುವೆ

ಪ್ರಾರ್ಥನೆಗೆ ಹೊಸದಾಗಿ ಬಂದವರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ: "ಸರ್, ಭಾನುವಾರ ಆರಾಧನೆಗೆ ಬರ್ತೀನಿ. ಸೋಮವಾರ ಡ್ಯೂಟಿಗೆ ಹೋದರೆ ಎಲ್ಲ ಮರೆತುಹೋಗುತ್ತೆ. ಏನು ಮಾಡಲಿ?" ಅವರಿಗೆ ನಾನು ಮೊದಲು ಓದಿಸುವುದು ಸತ್ಯವೇದದಲ್ಲಿ ನೆಹೆಮೀಯನ ಪುಸ್ತಕದ ಎರಡನೆಯ ಅಧ್ಯಾಯ.

ನೆಹೆಮೀಯ ಯೆಹೂದ್ಯ. ಪರ್ಷಿಯದ ಅರಸ ಅರ್ತಷಸ್ತನ ಪಾನದಾಯಕ. ಅರಸನ ಕೈಗೆ ದ್ರಾಕ್ಷಾರಸದ ಪಾತ್ರೆ ಕೊಡುವುದು ಅವನ ನೌಕರಿ. ಜೆರುಸಲೇಮಿನ ಗೋಡೆ ಕೆಡವಲ್ಪಟ್ಟಿದೆ, ಬಾಗಿಲುಗಳು ಸುಟ್ಟುಹೋಗಿವೆ ಎಂಬ ಸುದ್ದಿ ಕೇಳಿ ಅವನ ಮುಖ ಬಾಡಿತ್ತು. ಒಂದು ದಿನ ಅರಸ ಅದನ್ನು ಗಮನಿಸಿ ಕಾರಣ ಕೇಳಿದ. ನೆಹೆಮೀಯನಿಗೆ ಜೀವ ಬಾಯಿಗೆ ಬಂತು. ಆದರೂ ಇದ್ದದ್ದು ಹೇಳಿದ. ಹಾಗಾದರೆ ಏನು ಬೇಕೆಂದು ಅರಸ ಕೇಳಿದಾಗ, ಅವನು ದೇವರಿಗೆ ಪ್ರಾರ್ಥಿಸಿದ. ಆಮೇಲೆ ಉತ್ತರ ಕೊಟ್ಟ.

ಆ ಪ್ರಾರ್ಥನೆಗೆ ಎಷ್ಟು ಹೊತ್ತು ಹಿಡಿದಿರಬಹುದು? ಒಂದು ಉಸಿರು. ಮೊಣಕಾಲೂರಲು ಅಲ್ಲಿ ಸಮಯವಿಲ್ಲ, ಅರಸನನ್ನು ಕಾಯಿಸುವಂತಿಲ್ಲ. ಏನೆಂದು ಬೇಡಿಕೊಂಡ ಎಂಬುದನ್ನೂ ಪುಸ್ತಕ ಹೇಳುವುದಿಲ್ಲ. ಕೆಲಸದ ನಡುವಿನ ಪ್ರಾರ್ಥನೆ ಎಂದರೆ ನನಗೆ ಇದೇ.

ಆದರೆ ಇಲ್ಲಿಗೇ ಪುಸ್ತಕ ಮುಚ್ಚಬೇಡಿ, ಒಂದು ಅಧ್ಯಾಯ ಹಿಂದಕ್ಕೆ ಹೋಗಿ. ಸುದ್ದಿ ಬಂದದ್ದು ಕಿಸ್ಲೇವ್ ಮಾಸದಲ್ಲಿ, ಅರಸ ಕೇಳಿದ್ದು ನೈಸಾನ್ ಮಾಸದಲ್ಲಿ. ಅಂದರೆ ಆ ಒಂದು ಉಸಿರಿಗೂ ನಾಲ್ಕು ತಿಂಗಳ ಮೊದಲೇ ಶುರುವಾಗಿತ್ತು ಉಪವಾಸ, ಅಳು, ಹಗಲೂ ರಾತ್ರಿ ಪ್ರಾರ್ಥನೆ. ಜೊತೆಗೆ ಲೆಕ್ಕಾಚಾರವೂ ನಡೆದಿತ್ತು: ರಜೆ ಎಷ್ಟು ದಿನ, ಯಾವ ಅಧಿಕಾರಿಗಳಿಗೆ ಪತ್ರ ಬೇಕು, ತೊಲೆಗಳಿಗೆ ಮರ ಎಲ್ಲಿಂದ ಎಂಬುದೆಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಆದ್ದರಿಂದ ಮನೆಯಲ್ಲಿ ಬೆಳಗಿನ ಹತ್ತು ನಿಮಿಷ ಬಿಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಓದದೆ ಪರೀಕ್ಷೆಗೆ ಕೂತು ಮಾಡುವ ಪ್ರಾರ್ಥನೆಗೂ ನೆಹೆಮೀಯನ ಪ್ರಾರ್ಥನೆಗೂ ಸಂಬಂಧವಿಲ್ಲ.

ಇಷ್ಟವಿಲ್ಲದ ಕೆಲಸ ಮಾಡುವವರಿಗೆ ಬ್ರದರ್ ಲಾರೆನ್ಸ್ ನೆನಪಿರಲಿ. ಪ್ಯಾರಿಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದು, 1691ರಲ್ಲಿ ತೀರಿಕೊಂಡವರು. ಅಡುಗೆ ಅವರಿಗೆ ಹಿಡಿಸದ ಕೆಲಸ. ಒಮ್ಮೆ ಮಠಕ್ಕೆ ವೈನ್ ಖರೀದಿಸಲು ಅವರನ್ನು ಬರ್ಗಂಡಿಗೆ ಕಳಿಸಿದರು. ವ್ಯಾಪಾರ ಗೊತ್ತಿಲ್ಲ, ಕಾಲು ಕುಂಟು. ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಅತ್ತಿತ್ತ ಹೋಗಬೇಕಾಯಿತು. ಇದು ನಿನ್ನದೇ ಕೆಲಸ ಎಂದು ದೇವರಿಗೆ ಹೇಳಿ ಮುಂದುವರಿದರು. ತಪ್ಪಿದಾಗ ತಪ್ಪಿದೆ ಎಂದು ಹೇಳಿ, ಕೊರಗುತ್ತ ಕೂರದೆ, ಮತ್ತೆ ಕೆಲಸಕ್ಕೆ ಕೈಹಾಕುತ್ತಿದ್ದರು.

ನೀವು ಹೊಸಬರಾಗಿದ್ದರೆ, ದಿನವೂ ಮಾಡುವ ಒಂದು ಸಣ್ಣ ಕೆಲಸಕ್ಕೆ ಪ್ರಾರ್ಥನೆಯನ್ನು ಕಟ್ಟಿಹಾಕಿ. ಅಂಗಡಿಯ ಶಟರ್ ಎತ್ತುವಾಗ, ಗಾಡಿಯ ಕೀಲಿ ತಿರುಗಿಸುವಾಗ "ಕರ್ತನೇ, ಜೊತೆಗಿರು" ಅಂದರೆ ಸಾಕು. ಯಾರಿಗೂ ಕೇಳಿಸಬೇಕಿಲ್ಲ, ಸಹೋದ್ಯೋಗಿಗಳ ಮುಂದೆ ತೋರಿಸಿಕೊಳ್ಳುವುದಂತೂ ಬೇಡವೇ ಬೇಡ.

ನಮ್ಮ ಸಭೆಯಲ್ಲಿ ಒಬ್ಬ ನರ್ಸ್ ಇದ್ದಾಳೆ. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವ ಮೊದಲು ಕೈ ತೊಳೆಯುತ್ತಾಳಲ್ಲ, ಆಗ ಮುಂದಿನ ರೋಗಿಯ ಹೆಸರು ಹಿಡಿದು ಪ್ರಾರ್ಥಿಸು ಎಂದಿದ್ದೆ. ವಾರದ ನಂತರ ಸಪ್ಪೆ ಮುಖ ಮಾಡಿಕೊಂಡು ಬಂದಳು. "ದಿನಕ್ಕೆ ಎಷ್ಟೋ ಸಲ ಕೈ ತೊಳೀತೀನಿ ಸರ್, ನೆನಪಾಗೋದು ಎರಡೇ ಸಲ."

"ಆ ಎರಡು ಸಲ ಯಾರ ಹೆಸರು ಹೇಳಿದೆಯಮ್ಮ?" ಎಂದು ಕೇಳಿದೆ. ಎರಡೂ ಹೆಸರು ಅವಳಿಗೆ ನೆನಪಿದ್ದವು.